ಅಂಗುಳದ ಮೇಲಿನ ಕಪ್ಪು

ಕಪ್ಪಿನ ವಿಷಯದಲ್ಲಿ ನಮ್ಮ ಜನಕ್ಕೆ ಯಾವಾಗಲೂ ಎರಡು ಮನಸ್ಸು. ಮಗುವಿಗೆ ದೃಷ್ಟಿ ತಾಗದಿರಲೆಂದು ಕೆನ್ನೆಯ ಮೇಲೆ ಇಡುವುದು ಕಪ್ಪು ಬೊಟ್ಟನ್ನೇ. ಆದರೆ ಅದೇ ಕಪ್ಪು ಯಾರದಾದರೂ ನಾಲಗೆಯ ಮೇಲೆ ಮಚ್ಚೆಯಾಗಿ ಕಂಡರೆ, ‘ಅವಳದು ಕರಿನಾಲಗೆ, ಆಡಿದ್ದು ಆಗಿಬಿಡುತ್ತೆ, ಅವಳ ಬಾಯಿಗೆ ಬೀಳಬೇಡಿ’ ಎಂದು ಓರಗಿತ್ತಿಯರೂ ನೆರೆಹೊರೆಯವರೂ ಪಿಸುಗುಡುತ್ತಾರೆ. ವಸಡು ಕಪ್ಪಗಿರುವ ಹುಡುಗಿಯನ್ನು ನೋಡಲು ಬಂದವರು ‘ನಕ್ಕರೆ ಚೆನ್ನಾಗಿ ಕಾಣೋದಿಲ್ಲ’ ಎಂದು ಹೇಳಿ ಹೋದದ್ದನ್ನೂ ನಾನು ಕೇಳಿದ್ದೇನೆ. ಹೀಗೆ ಬಾಯೊಳಗಿನ ಕಪ್ಪನ್ನು ನಾವು ಶಕುನಕ್ಕೂ ವಧುಪರೀಕ್ಷೆಗೂ ಬಿಟ್ಟುಕೊಟ್ಟಿದ್ದೇವೆ. ಅದಕ್ಕೆ ವೈದ್ಯಶಾಸ್ತ್ರದಲ್ಲಿ ಇನ್ನೂರು ವರ್ಷಕ್ಕೂ ಮೀರಿದ ಒಂದು ಕಥೆ ಇದೆ ಎಂಬುದು ನಮಗೆ ಬೇಕಾಗಿಯೇ ಇರಲಿಲ್ಲ.

ನನಗೂ ಬೇಕಾಗಿರಲಿಲ್ಲವೆನ್ನಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿದವಳು ನಾನು. ಪಾಣಿಪತ್ತಿನ ಕದನಗಳು, ಫ್ರಾನ್ಸಿನ ಮಹಾಕ್ರಾಂತಿ, ಟಿಪ್ಪು ಸುಲ್ತಾನ್ ಮಡಿದ ಇಸವಿ, ಇವೆಲ್ಲ ಈಗಲೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬಾಯಿಗೆ ಬರುತ್ತವೆ. ರೋಗಗಳಿಗೂ ಒಂದು ಇತಿಹಾಸ ಇರುತ್ತದೆಂದು ನಮ್ಮ ಪಠ್ಯದಲ್ಲಿ ಎಲ್ಲೂ ಇರಲಿಲ್ಲ. ಅದನ್ನು ಹುಡುಕಿ ಓದುವಂತೆ ಮಾಡಿದ್ದು ನನ್ನ ಚಿಕ್ಕಮ್ಮನ ಕಾಯಿಲೆ. 1998ರಲ್ಲಿ ಅವರ ಕೈಗೆ ಬಂದ ಪರೀಕ್ಷೆಯ ಚೀಟಿಯಲ್ಲಿ ‘ಮ್ಯಾಲಿಗ್ನೆಂಟ್ ಮೆಲನೋಮ, ಅಂಗುಳ’ ಎಂಬ ಅರ್ಥದ ಒಂದೂವರೆ ಸಾಲು ಇಂಗ್ಲಿಷಿನಲ್ಲಿ ಟೈಪಾಗಿತ್ತು. ಕ್ಯಾನ್ಸರ್ ಎಂಬ ಮಾತು ಗೊತ್ತಿಲ್ಲದ ಮನೆ ಯಾವುದಿದೆ? ಸ್ತನದ್ದು, ಗರ್ಭಕೋಶದ್ದು, ಗಂಟಲಿನದು, ಎಲ್ಲವನ್ನೂ ಬಂಧುಬಳಗದಲ್ಲಿ ಕಂಡವರೇ ನಾವು. ಆದರೆ ಈ ಮೆಲನೋಮ ಎಂಬ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಹೆಸರಿನ ಮೂಲ ಗ್ರೀಕ್ ಭಾಷೆಯದು. ‘ಮೆಲಾಸ್’ ಎಂದರೆ ಕಪ್ಪು. ನಮ್ಮ ಚರ್ಮಕ್ಕೆ, ಕೂದಲಿಗೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವಿಗೂ ಅದೇ ಮೂಲ. ಅದನ್ನು ತಯಾರಿಸುವ ಜೀವಕೋಶಗಳಿಗೆ ಮೆಲನೋಸೈಟ್ ಎನ್ನುತ್ತಾರೆ. ಇವುಗಳ ಬಗ್ಗೆ ಓದುವಾಗ ನನಗೆ ಬಹಳ ಸೋಜಿಗವೆನಿಸಿದ ಸಂಗತಿ ಒಂದಿದೆ. ಬೆಳ್ಳಗಿರುವವರಲ್ಲಿ ಆಗಲಿ ಕಪ್ಪಗಿರುವವರಲ್ಲಿ ಆಗಲಿ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ! ಕೆಲವರಲ್ಲಿ ಅವು ಸೋಮಾರಿ, ಕೆಲವರಲ್ಲಿ ಚುರುಕು, ಅಷ್ಟೇ ವ್ಯತ್ಯಾಸ. ಇಷ್ಟಕ್ಕಾಗಿ ಪ್ರಪಂಚದಲ್ಲಿ ಎಷ್ಟು ರಕ್ತ ಹರಿದಿದೆ, ಎಷ್ಟು ಮದುವೆಗಳು ಮುರಿದಿವೆ ಎಂದು ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಈ ಕೋಶಗಳು ಇರುವುದು ಚರ್ಮದಲ್ಲಿ ಮಾತ್ರವಲ್ಲ. ಮಗು ಗರ್ಭದಲ್ಲಿ ರೂಪುಗೊಳ್ಳುತ್ತಿರುವಾಗಲೇ ಅವು ಬೆನ್ನುಹುರಿ ಮೂಡುವ ಜಾಗದ ಅಂಚಿನಿಂದ ಹೊರಟು ಮೈಯೆಲ್ಲ ಹರಡುತ್ತವೆ. ಕೆಲವು ಕಣ್ಣಿನೊಳಗೆ, ಕೆಲವು ಮೂಗಿನ ಒಳಪದರಕ್ಕೆ, ಕೆಲವು ಬಾಯಿಗೆ ಹೋಗಿ ನೆಲೆಸುತ್ತವೆ. ಬಿಸಿಲೇ ಬೀಳದ ಬಾಯಿಯಲ್ಲಿ ಬಣ್ಣದ ಕೋಶಕ್ಕೆ ಏನು ಕೆಲಸವೋ! ಅಂತೂ ಅವು ಅಲ್ಲಿವೆ. ಅಲ್ಲಿರುವ ಕಾರಣಕ್ಕೆ, ಅಪರೂಪಕ್ಕೊಮ್ಮೆ ಅವುಗಳಲ್ಲೊಂದು ಹದ್ದು ಮೀರಿ ಬೆಳೆದು ಕ್ಯಾನ್ಸರಾಗುತ್ತದೆ. ಅದೇ ಮೆಲನೋಮ.

ಈ ರೋಗದ ಚರಿತ್ರೆಯಲ್ಲಿ ಮೊದಲ ದೊಡ್ಡ ಹೆಸರು ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಹಂಟರ್. ಪ್ರಾಣಿಗಳ ಎಲುಬಿನಿಂದ ಹಿಡಿದು ಮನುಷ್ಯರ ಗೆಡ್ಡೆಗಳವರೆಗೆ ಎಲ್ಲವನ್ನೂ ಕೂಡಿಹಾಕುವ ಹುಚ್ಚು ಆತನಿಗೆ. 1771ರಲ್ಲಿ ಮನುಷ್ಯನ ಹಲ್ಲುಗಳ ಬಗ್ಗೆ ದೊಡ್ಡ ಪುಸ್ತಕ ಬರೆದವನೂ ಅವನೇ. 1787ರಲ್ಲಿ ಆತ 35 ವರ್ಷದ ಒಬ್ಬ ಗಂಡಸಿನ ಕೆಳದವಡೆಯ ಹಿಂಭಾಗದಿಂದ ಒಂದು ಗಂಟನ್ನು ಕತ್ತರಿಸಿ ತೆಗೆದ. ಗಂಟಿನ ಒಂದು ಭಾಗ ಬೆಳ್ಳಗೆ, ಇನ್ನೊಂದು ಭಾಗ ಕಪ್ಪಗೆ ಇತ್ತು. ಅದನ್ನು ಅಣಬೆಯಂತೆ ಉಬ್ಬಿದ ಕ್ಯಾನ್ಸರ್ ಬೆಳವಣಿಗೆ ಎಂದು ಬರೆದಿಟ್ಟು, ಗಾಜಿನ ಜಾಡಿಯಲ್ಲಿ ತುಂಬಿ ಕಪಾಟಿನಲ್ಲಿಟ್ಟ. ಅದು ಏನೆಂದು ಅವನಿಗೂ ಗೊತ್ತಿರಲಿಲ್ಲ, ಆ ಕಾಲದಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಹಂಟರ್ 1793ರಲ್ಲಿ ತೀರಿಕೊಂಡ. ಅವನ ಸಂಗ್ರಹ ಶಸ್ತ್ರವೈದ್ಯರ ರಾಯಲ್ ಕಾಲೇಜಿಗೆ ಸೇರಿತು. 1941ರಲ್ಲಿ ಜರ್ಮನರ ಬಾಂಬು ಆ ವಸ್ತುಸಂಗ್ರಹಾಲಯದ ಮೇಲೆಯೇ ಬಿದ್ದು ಸಾವಿರಾರು ಜಾಡಿಗಳು ನಾಶವಾದವು. ಈ ಜಾಡಿ ಮಾತ್ರ ಉಳಿದುಕೊಂಡಿತು. ಕಡೆಗೆ 1968ರಲ್ಲಿ ಅದರ ಒಂದು ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ, ಅದು ಮೆಲನೋಮ ಹರಡಿ ಬೆಳೆದ ಗಂಟು ಎಂದು ಗೊತ್ತಾಯಿತು. ಲೆಕ್ಕ ಹಾಕಿದರೆ 181 ವರ್ಷ! ದವಡೆಯ ಹಿಂದೆ, ಕುತ್ತಿಗೆಯ ಮೇಲ್ಭಾಗದಲ್ಲಿ ಇರುವುದು ದುಗ್ಧಗ್ರಂಥಿಗಳು. ಮುಖದ್ದು, ತಲೆಯದ್ದು, ಬಾಯಿಯದ್ದು ಎಲ್ಲ ಕೊಳೆಯೂ ಅಲ್ಲಿಗೇ ಬಂದು ಸೇರುತ್ತದೆ. ನಮ್ಮ ಕಡೆ ಹಲ್ಲು ಕೆಟ್ಟು ದವಡೆಯ ಕೆಳಗೆ ಗಂಟು ಕಟ್ಟುವುದಿಲ್ಲವೇ, ಅದೇ ಜಾಗ. ಬಾಯಿಯ ಮೆಲನೋಮ ಹೊರಟರೆ ಮೊದಲು ಬಂದು ತಂಗುವುದೂ ಸಾಮಾನ್ಯವಾಗಿ ಅಲ್ಲೇ.

ಈ ಕಪ್ಪು ಗಂಟುಗಳಿಗೆ ಒಂದು ಹೆಸರು ಕೊಟ್ಟವನು ಫ್ರಾನ್ಸಿನ ರೆನೆ ಲೆನೆಕ್. ಹರೆಯದ ಹೆಣ್ಣುಮಗಳೊಬ್ಬಳ ಎದೆಗೆ ನೇರವಾಗಿ ಕಿವಿಯಿಟ್ಟು ಕೇಳಲು ಸಂಕೋಚಪಟ್ಟು, ಕಾಗದವನ್ನು ಕೊಳವೆಯಂತೆ ಸುರುಳಿ ಸುತ್ತಿ, 1816ರಲ್ಲಿ ಸ್ಟೆತಾಸ್ಕೋಪಿಗೆ ದಾರಿ ಮಾಡಿದ ಮಹಾನುಭಾವನೇ ಈತ. ಅದಕ್ಕೂ ಹನ್ನೆರಡು ವರ್ಷ ಮೊದಲು, 1804ರಲ್ಲಿ, ಇನ್ನೂ ಇಪ್ಪತ್ತಮೂರರ ತರುಣನಾಗಿದ್ದಾಗ, ಪ್ಯಾರಿಸ್ಸಿನ ವೈದ್ಯರ ಮುಂದೆ ಒಂದು ಉಪನ್ಯಾಸ ಮಾಡಿ ಇದನ್ನು ‘ಮೆಲನೋಸ್’ ಎಂದು ಕರೆದ. ಅದು 1806ರಲ್ಲಿ ಅಚ್ಚಾಯಿತು. ಕೂಡಲೇ ಅವನ ಗುರು ಡುಪೂಯ್‍ಟ್ರಾನನಿಗೆ ಸಿಟ್ಟು ಬಂತು. ಇದನ್ನು ಕಂಡದ್ದು ತಾನು, ಶಿಷ್ಯ ತನ್ನದೆಂದು ಹೇಳಿಕೊಳ್ಳುತ್ತಿದ್ದಾನೆ ಎಂದು ಜಗಳ. ರೋಗಿಗಳು ಒಂದು ಕಡೆ ಸಾಯುತ್ತಿದ್ದರೂ ಹೆಸರಿಗಾಗಿ ಕಿತ್ತಾಡುವ ಅಭ್ಯಾಸ ದೊಡ್ಡವರಲ್ಲೂ ಇತ್ತು ಅನ್ನಿ.

ನನಗೆ ಇವರೆಲ್ಲರಿಗಿಂತ ಹೆಚ್ಚು ಇಷ್ಟವಾದವನು ವಿಲಿಯಂ ನಾರಿಸ್. ಇಂಗ್ಲೆಂಡಿನ ಸ್ಟೌರ್‌ಬ್ರಿಡ್ಜ್ ಎಂಬ ಊರಿನ ಸಾಧಾರಣ ಡಾಕ್ಟರು. ಮನೆಮನೆಗೆ ಹೋಗಿ ನಾಡಿ ನೋಡುತ್ತಿದ್ದ ನಮ್ಮ ಊರುಗಳ ಹಳೆಯ ಎಲ್.ಎಂ.ಪಿ. ಡಾಕ್ಟರುಗಳ ಹಾಗೆ. 1820ರಲ್ಲಿ ಆತ 59 ವರ್ಷದ ಒಬ್ಬ ರೋಗಿಯ ವೃತ್ತಾಂತವನ್ನು ಬರೆದು ಪ್ರಕಟಿಸಿದ. ಇಂಗ್ಲಿಷಿನಲ್ಲಿ ಈ ರೋಗದ ಮೊದಲ ವರದಿ ಅದು. ರೋಗಿಯ ತಂದೆಯೂ ಇದೇ ಬಗೆಯ ರೋಗದಿಂದ ಸತ್ತಿದ್ದನೆಂದು ವಿಚಾರಿಸಿ ತಿಳಿದುಕೊಂಡು, ಕೆಲವು ಮನೆತನಗಳಲ್ಲಿ ಇದು ಹರಿದುಬರುತ್ತದೆಯೇ ಎಂಬ ಪ್ರಶ್ನೆಯನ್ನೂ ಎತ್ತಿದ. ಆಮೇಲೆ ಸುಮ್ಮನೆ ಕೂರಲಿಲ್ಲ. 37 ವರ್ಷ ಕಾದು, ಕಂಡ ಒಟ್ಟು ಎಂಟು ರೋಗಿಗಳ ವಿವರ ಕೂಡಿಸಿ 1857ರಲ್ಲಿ ಪುಸ್ತಕ ಮಾಡಿದ. ಗೆಡ್ಡೆಯನ್ನಷ್ಟೇ ತೆಗೆದರೆ ಸಾಲದು, ಸುತ್ತಲಿನ ಆರೋಗ್ಯವಾದ ಭಾಗವನ್ನೂ ಸೇರಿಸಿ ತೆಗೆಯಬೇಕು ಎಂದು ಹೇಳಿದವನೂ ಅವನೇ. ಈ ನಡುವೆ 1838ರಲ್ಲಿ ರಾಬರ್ಟ್ ಕಾರ್ಸ್‌ವೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯ ‘ಮೆಲನೋಮ’ ಎಂಬ ಈಗಿನ ಹೆಸರನ್ನು ಬಳಕೆಗೆ ತಂದ. ಆತ ಒಳ್ಳೆಯ ಚಿತ್ರಗಾರ. ಶವಪರೀಕ್ಷೆಯಲ್ಲಿ ಕಂಡದ್ದನ್ನು ಸಾವಿರಕ್ಕೂ ಹೆಚ್ಚು ಬಣ್ಣದ ಚಿತ್ರಗಳಲ್ಲಿ ತಾನೇ ಬರೆದಿಟ್ಟಿದ್ದ.

ಇಷ್ಟಾದರೂ ಇವರು ನೋಡುತ್ತಿದ್ದದ್ದು ಬಹುಮಟ್ಟಿಗೆ ಚರ್ಮವನ್ನು, ಇಲ್ಲವೇ ಸತ್ತ ಮೇಲೆ ಒಳಗಿನ ಅಂಗಾಂಗಗಳನ್ನು. ಬಾಯಿಯ ಮೆಲನೋಮದ ಮೊದಲ ವಿವರಣೆ ವೈದ್ಯ ಸಾಹಿತ್ಯದಲ್ಲಿ ಕಾಣಿಸಿಕೊಂಡದ್ದು 1859ರಲ್ಲಿ, ವೆಬರ್ ಎಂಬವರಿಂದ. ಅಷ್ಟು ತಡವೇಕೆ ಎಂದರೆ, ರೋಗ ಅಪರೂಪದ್ದು ಎಂಬುದು ಒಂದು ಕಾರಣ. ಬಾಯಿಯ ಕ್ಯಾನ್ಸರುಗಳಲ್ಲಿ ಇದರ ಪಾಲು ನೂರಕ್ಕೆ ಅರ್ಧ ಮಾತ್ರ, ಎಂದರೆ ಇನ್ನೂರಕ್ಕೆ ಒಂದು. ಇನ್ನೊಂದು ಕಾರಣ ಅದು ಕೂರುವ ಜಾಗ. ಐದರಲ್ಲಿ ನಾಲ್ಕು ಪಾಲು ಇದು ಬರುವುದು ಅಂಗುಳದಲ್ಲಿ ಅಥವಾ ಮೇಲಿನ ವಸಡಿನಲ್ಲಿ. ಮೊದಮೊದಲು ನೋವಿಲ್ಲ, ಉರಿಯಿಲ್ಲ, ರಕ್ತ ಬರುವುದಿಲ್ಲ. ಕನ್ನಡಿಯ ಮುಂದೆ ನಿಂತು ಎಷ್ಟು ಬಾಯಿ ತೆರೆದರೂ ನಮ್ಮ ಅಂಗುಳ ನಮಗೆ ಕಾಣುವುದಿಲ್ಲ. ಬೇರೆ ಯಾರಾದರೂ ನೋಡಬೇಕು.

ನಮ್ಮ ಚಿಕ್ಕಮ್ಮನ ವಿಷಯದಲ್ಲಿ ಆದದ್ದೂ ಇದೇ. ಅವರಿಗೆ ಐವತ್ತೆಂಟನೆಯ ವಯಸ್ಸಿಗೇ ಮೇಲಿನ ಹಲ್ಲುಗಳೆಲ್ಲ ಹೋಗಿ ಸೆಟ್ಟು ಕಟ್ಟಿಸಿಕೊಂಡಿದ್ದರು. ನಾಲ್ಕು ವರ್ಷ ಸರಿಯಾಗಿ ಕೂರುತ್ತಿದ್ದ ಸೆಟ್ಟು ಇದ್ದಕ್ಕಿದ್ದಂತೆ ಅಲುಗಾಡತೊಡಗಿತು. ಚಕ್ಕುಲಿ ಕಡಿಯುವಾಗ ಕಳಚಿ ಬೀಳುತ್ತಿತ್ತು. ಹಾಸನದಲ್ಲಿ ಸೆಟ್ಟು ಮಾಡಿಕೊಟ್ಟವರ ಬಳಿ ಎರಡು ಸಲ ಹೋಗಿ ಉಜ್ಜಿಸಿಕೊಂಡು ಬಂದರು. ಮೂರನೆಯ ಸಲ ಹೋದಾಗ ಅಲ್ಲಿ ಕಲಿಯಲು ಬಂದಿದ್ದ ಒಬ್ಬ ಹುಡುಗಿ, ಇನ್ನೂ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು, ಸೆಟ್ಟನ್ನು ಕೈಗೆ ತೆಗೆದುಕೊಂಡವಳು ಅದನ್ನು ಪಕ್ಕಕ್ಕಿಟ್ಟು, ‘ಅಮ್ಮಾ, ಸ್ವಲ್ಪ ತಲೆ ಹಿಂದಕ್ಕೆ ಹಾಕಿ’ ಎಂದಳಂತೆ. ಟಾರ್ಚು ಬಿಟ್ಟು ನೋಡಿದರೆ ಅಂಗುಳದ ಬಲಭಾಗದಲ್ಲಿ ಎಂಟಾಣೆ ನಾಣ್ಯದಷ್ಟು ಅಗಲದ ಕಪ್ಪು. ಅಂಚು ಒಂದೊಂದು ಕಡೆ ಒಂದೊಂದು ಥರ, ಒಂದು ಮೂಲೆಯಲ್ಲಿ ಮಸಿಯಂತೆ ಗಾಢ, ಇನ್ನೊಂದು ಮೂಲೆಯಲ್ಲಿ ಕಂದು. ನಡುವೆ ಸ್ವಲ್ಪ ಉಬ್ಬು. ಆ ಉಬ್ಬೇ ಸೆಟ್ಟನ್ನು ಮೇಲೆ ಕೂರಲು ಬಿಡುತ್ತಿರಲಿಲ್ಲ. ‘ಇದು ಯಾವಾಗಿನಿಂದ ಇದೆ?’ ಎಂದು ಕೇಳಿದರೆ ಚಿಕ್ಕಮ್ಮ ಏನು ಹೇಳಿಯಾರು? ಅವರು ಅದನ್ನು ನೋಡಿಯೇ ಇರಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳದಿದ್ದರೆ ತಪ್ಪಾಗುತ್ತದೆ. ಬಾಯೊಳಗೆ ಕಾಣುವ ಕಪ್ಪೆಲ್ಲ ಕ್ಯಾನ್ಸರ್ ಅಲ್ಲ. ನಮ್ಮವರಲ್ಲಿ ವಸಡು ಕಪ್ಪಗಿರುವುದು, ಕೆನ್ನೆಯ ಒಳಗೆ ಎರಡೂ ಕಡೆ ಒಂದೇ ಸಮನಾಗಿ ಕಂದು ಇರುವುದು ತೀರ ಸಹಜ. ಹುಟ್ಟಿದ ಬಣ್ಣ ಅದು, ಯಾವ ಮದ್ದೂ ಬೇಡ. ಹುಳುಕು ಹಲ್ಲಿಗೆ ಬೆಳ್ಳಿ ತುಂಬಿಸಿದ್ದರೆ ಅದರ ಪುಡಿ ಪಕ್ಕದ ವಸಡಿನೊಳಗೆ ಸೇರಿ, ಹಚ್ಚೆ ಹಾಕಿದ ಹಾಗೆ ನೀಲಿಗಪ್ಪು ಗುರುತು ಉಳಿಯುವುದುಂಟು. ಎಕ್ಸ್-ರೇ ತೆಗೆದರೆ ಕೆಲವೊಮ್ಮೆ ಆ ಲೋಹದ ಚೂರುಗಳೇ ಕಾಣುತ್ತವೆ. ಬೀಡಿ ಸಿಗರೇಟು ಸೇದುವವರ ಮುಂದಿನ ವಸಡು ಕಪ್ಪಾಗುತ್ತದೆ. ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್ ಮಾತ್ರೆಯನ್ನು ಬೇರೆ ಕಾಯಿಲೆಗಳಿಗಾಗಿ ಬಹಳ ಕಾಲ ತೆಗೆದುಕೊಂಡವರ ಅಂಗುಳ ಬೂದು ನೀಲಿಗೆ ತಿರುಗುವುದುಂಟು. 1855ರಲ್ಲಿ ಲಂಡನ್ನಿನ ಥಾಮಸ್ ಅಡಿಸನ್ ಮತ್ತೊಂದು ಕಾರಣವನ್ನು ತೋರಿಸಿಕೊಟ್ಟ. ಮೂತ್ರಪಿಂಡದ ಮೇಲಿರುವ ಪುಟ್ಟ ಗ್ರಂಥಿಗಳು ಕ್ಷಯದಿಂದಲೋ ಮತ್ತೊಂದರಿಂದಲೋ ಹಾಳಾದರೆ ಮೈಯ ಬಣ್ಣವೂ ಬಾಯಿಯ ಒಳಗೂ ಕಪ್ಪಾಗುತ್ತಾ ಹೋಗುತ್ತದೆ, ಜೊತೆಗೆ ವಿಪರೀತ ಸುಸ್ತು. ಅದಕ್ಕೆ ಬೇರೆ ಚಿಕಿತ್ಸೆ ಇದೆ.

ಹಾಗಾದರೆ ಅನುಮಾನಪಡಬೇಕಾದದ್ದು ಯಾವುದನ್ನು? ಒಂದೇ ಕಡೆ ಇರುವುದು, ಹೊಸದಾಗಿ ಬಂದದ್ದು, ಅಗಲವಾಗುತ್ತಿರುವುದು, ಅಂಚು ನೇರವಿಲ್ಲದ್ದು, ಬಣ್ಣ ಒಂದೇ ಸಮನಿಲ್ಲದ್ದು, ಉಬ್ಬಿ ಬಂದದ್ದು, ರಕ್ತ ಒಸರುವುದು. ಅದರಲ್ಲೂ ಅಂಗುಳದಲ್ಲಿ ಅಥವಾ ಮೇಲಿನ ವಸಡಿನಲ್ಲಿ ಇದ್ದರೆ ತಡ ಮಾಡುವಂತಿಲ್ಲ. ಈ ರೋಗ ಬಂದವರಲ್ಲಿ ಮೂರರಲ್ಲಿ ಒಬ್ಬರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಮೊದಲೇ ಅದೇ ಜಾಗದಲ್ಲಿ ಚಪ್ಪಟೆಯಾದ ಕಪ್ಪು ಕಲೆ ಇತ್ತೆಂದು ವೈದ್ಯರು ಬರೆದಿದ್ದಾರೆ. ಎಂದರೆ ರೋಗ ಹೇಳಿಕಳಿಸಿಯೇ ಬರುತ್ತದೆ, ಬಾಗಿಲು ತೆರೆದು ನೋಡುವವರು ಇರುವುದಿಲ್ಲ.

ಕಣ್ಣಿನಿಂದ ನೋಡಿ ಅನುಮಾನಪಡಬಹುದು, ಖಚಿತಪಡಿಸುವುದಕ್ಕೆ ಬಯಾಪ್ಸಿಯೇ ಆಗಬೇಕು. ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ನಮ್ಮ ಮನೆಯಲ್ಲಿ ದೊಡ್ಡ ಗಲಾಟೆಯಾದದ್ದು ಇಲ್ಲೇ. ‘ಗಂಟಿಗೆ ಚಾಕು ಮುಟ್ಟಿಸಿದರೆ ಕೆರಳುತ್ತೆ, ಹುತ್ತಕ್ಕೆ ಕೈ ಹಾಕಿದ ಹಾಗೆ’ ಎಂದು ಸೋದರಮಾವ ಹಟ ಹಿಡಿದರು. ಚಿಕ್ಕಮ್ಮನೂ, ‘ನೋವಿಲ್ಲ ನೂಲಿಲ್ಲ, ಇದಕ್ಕೆ ಯಾಕೆ ಬಾಯಿ ಕೊಯ್ಸಿಕೊಳ್ಳಲಿ ಕಣೇ?’ ಎಂದರು. ಮೂರು ವಾರ ಹೀಗೇ ಹೋಯಿತು. ಬಯಾಪ್ಸಿಯಿಂದ ರೋಗ ಹರಡುತ್ತದೆಂಬ ಭಯ ಪಾಶ್ಚಾತ್ಯ ವೈದ್ಯರಲ್ಲೂ ಬಹಳ ಕಾಲ ಇತ್ತು. ಚರ್ಮದ ಮೆಲನೋಮದ ನೂರಾರು ರೋಗಿಗಳನ್ನು ವರ್ಷಗಳ ಕಾಲ ಹಿಂಬಾಲಿಸಿ ನೋಡಿದ ಮೇಲೆ ಆ ಭಯಕ್ಕೆ ಆಧಾರವಿಲ್ಲವೆಂದು ತಿಳಿಯಿತು. ಬಯಾಪ್ಸಿ ಮಾಡಿಸದೆ ಕಳೆದ ದಿನಗಳೇ ನಿಜವಾದ ಅಪಾಯ.

ಸೂಕ್ಷ್ಮದರ್ಶಕಕ್ಕೂ ಈ ರೋಗ ಕೆಲವು ಸಲ ಮೋಸ ಮಾಡುತ್ತದೆ. ಹೆಸರಲ್ಲೇ ಕಪ್ಪು ಇದ್ದರೂ ಕೆಲವು ಮೆಲನೋಮಗಳಲ್ಲಿ ಬಣ್ಣವೇ ಇರುವುದಿಲ್ಲ, ಕೆಂಪಗಿನ ಮಾಂಸದ ಗಂಟಿನಂತೆ ಇರುತ್ತವೆ. 1980ರ ದಶಕದಲ್ಲಿ ಎಸ್-100, ಎಚ್.ಎಂ.ಬಿ.-45 ಎಂಬ ಪರೀಕ್ಷೆಗಳು ಬಂದ ಮೇಲೆ, ಬಣ್ಣವಿಲ್ಲದಿದ್ದರೂ ಕೋಶದ ಜಾತಿ ಹಿಡಿಯಲು ಸಾಧ್ಯವಾಯಿತು. ಚಿಕ್ಕಮ್ಮನ ವಿಷಯದಲ್ಲಿ ಅಷ್ಟು ಕಷ್ಟವಿರಲಿಲ್ಲ. ಚೀಟಿ ಹತ್ತು ದಿನದಲ್ಲಿ ಬಂತು.

ಚೀಟಿ ಬಂದ ಮೇಲೆ ಮನೆಯವರೆಲ್ಲರ ಪ್ರಶ್ನೆ ಒಂದೇ, ‘ಎಷ್ಟು ದಿನ?’ ಈ ಪ್ರಶ್ನೆಗೆ ಉತ್ತರ ಹುಡುಕಿದ್ದೂ ಒಂದು ಚರಿತ್ರೆಯೇ. 1907ರಲ್ಲಿ ಸ್ಯಾಂಪ್ಸನ್ ಹ್ಯಾಂಡ್ಲಿ ಎಂಬ ಇಂಗ್ಲಿಷ್ ಶಸ್ತ್ರವೈದ್ಯ ಒಬ್ಬ ರೋಗಿಯ ಶವಪರೀಕ್ಷೆಯನ್ನು ಆಧರಿಸಿ, ಗಡ್ಡೆಯ ಸುತ್ತ ಇಂಚುಗಟ್ಟಲೆ ಅಗಲವಾಗಿ ಕತ್ತರಿಸಬೇಕೆಂದು ಹೇಳಿದ. ಅರ್ಧ ಶತಮಾನಕ್ಕೂ ಮೀರಿ ಶಸ್ತ್ರವೈದ್ಯರು ಅದನ್ನೇ ಪಾಲಿಸಿದರು. ತೊಡೆಯಲ್ಲೋ ಬೆನ್ನಲ್ಲೋ ಆದರೆ ಸರಿ. ಅಂಗುಳದಲ್ಲಿ ಸುತ್ತ ಎರಡು ಇಂಚು ಎಂದರೆ ಮೂಗು, ಕಣ್ಣಿನ ಗೂಡು, ಕೆನ್ನೆ ಎಲ್ಲ ಬಂತಲ್ಲ!

ಆಮೇಲೆ 1970ರಲ್ಲಿ ಅಮೆರಿಕದ ಅಲೆಕ್ಸಾಂಡರ್ ಬ್ರೆಸ್ಲೋ ಒಂದು ಸರಳವಾದ ಕೆಲಸ ಮಾಡಿದ. ಚರ್ಮದ ಮೆಲನೋಮದ 98 ರೋಗಿಗಳ ಗಡ್ಡೆಗಳು ಎಷ್ಟು ದಪ್ಪ ಇವೆಯೆಂದು ಸೂಕ್ಷ್ಮದರ್ಶಕದೊಳಗಿನ ಅಳತೆಪಟ್ಟಿಯಿಂದ ಅಳೆದ. 0.76 ಮಿಲಿಮೀಟರಿಗಿಂತ ತೆಳ್ಳಗಿದ್ದವರಲ್ಲಿ ರೋಗ ಮರುಕಳಿಸಿರಲಿಲ್ಲ. ಸಾವು ಬದುಕಿನ ನಡುವೆ ಒಂದು ಬೆರಳಿನ ಉಗುರಿನಷ್ಟು ದಪ್ಪ! ಅಂದಿನಿಂದ ಚರ್ಮದ ಮೆಲನೋಮದ ಭವಿಷ್ಯ ಹೇಳುವುದಕ್ಕೆ ಆ ಅಳತೆಯೇ ಮೊದಲ ಆಧಾರವಾಯಿತು. ಬೇಗ ಪತ್ತೆಯಾದರೆ ಅಲ್ಲಿ ಐದು ವರ್ಷ ದಾಟುವವರು ನೂರಕ್ಕೆ 95ಕ್ಕೂ ಹೆಚ್ಚು ಮಂದಿ.

ಬಾಯಿಗೆ ಈ ಮಾತು ಅನ್ವಯಿಸಲಿಲ್ಲ. ಅಲ್ಲಿನ ಪದರ ತೆಳು, ಕೆಳಗೆ ಕೂಡಲೇ ಮೂಳೆ, ರಕ್ತನಾಳಗಳು ಸಮೃದ್ಧ. ಕಂಡಾಗಲೇ ಸಾಮಾನ್ಯವಾಗಿ ಆಳಕ್ಕೆ ಇಳಿದಿರುತ್ತದೆ. ಬೇರೆ ಕ್ಯಾನ್ಸರುಗಳಲ್ಲಿ ಗಡ್ಡೆಯನ್ನು ಟಿ-1, ಟಿ-2 ಎಂದು ಚಿಕ್ಕದರಿಂದ ಎಣಿಸುತ್ತಾ ಹೋಗುತ್ತಾರೆ. 2010ರಲ್ಲಿ ಜಾರಿಗೆ ಬಂದ ಅಮೆರಿಕದ ಪಟ್ಟಿಯಲ್ಲಿ ಬಾಯಿ ಮೂಗುಗಳ ಮೆಲನೋಮಕ್ಕೆ ಟಿ-1 ಇಲ್ಲ, ಟಿ-2 ಇಲ್ಲ. ಎಷ್ಟೇ ಚಿಕ್ಕದಿರಲಿ, ಎಣಿಕೆ ಶುರುವಾಗುವುದೇ ಟಿ-3ರಿಂದ. ಒಂದನೆಯ, ಎರಡನೆಯ ತರಗತಿಯೇ ಇಲ್ಲದ ಶಾಲೆ! ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಐದು ವರ್ಷ ಬದುಕುವವರು ನೂರಕ್ಕೆ ಹದಿನೈದರಿಂದ ಇಪ್ಪತ್ತು ಎಂಬುದು ಹಲವು ವರದಿಗಳ ಲೆಕ್ಕ. ಕುತ್ತಿಗೆಯ ಗ್ರಂಥಿಗೆ ಹೋಗುವ ಮೊದಲೇ, ಗಡ್ಡೆ ಚಿಕ್ಕದಿರುವಾಗಲೇ ಪೂರ್ತಿ ತೆಗೆಸಿಕೊಂಡವರೇ ಆ ಇಪ್ಪತ್ತರಲ್ಲಿ ಹೆಚ್ಚು.

ಚಿಕ್ಕಮ್ಮನಿಗೆ ಡಾಕ್ಟರು ಈ ಲೆಕ್ಕವನ್ನು ಮುಚ್ಚಿಡಲಿಲ್ಲ. ಅವರು ಕೇಳಿಸಿಕೊಂಡು, ‘ಆ ಹದಿನೈದು ಜನಾನೂ ಯಾರದೋ ಮನೆಯೋರೇ ತಾನೆ ಡಾಕ್ಟ್ರೇ, ಮಾಡಿ’ ಎಂದರು. ಬಲಗಡೆಯ ಮೇಲ್ದವಡೆಯನ್ನೂ ಅಂಗುಳದ ಅರ್ಧವನ್ನೂ ತೆಗೆದರು. ಬಾಯಿಗೂ ಮೂಗಿಗೂ ನಡುವೆ ಗೋಡೆಯೇ ಇಲ್ಲದಂತಾಯಿತು. ನೀರು ಕುಡಿದರೆ ಮೂಗಿನಲ್ಲಿ ಬರುತ್ತಿತ್ತು, ಮಾತು ಆಡಿದರೆ ಅರ್ಥವಾಗುತ್ತಿರಲಿಲ್ಲ. ಆ ತೂತಿಗೆ ಅಳತೆ ತೆಗೆದು ಆಬ್ಚುರೇಟರ್ ಎಂಬ ತಟ್ಟೆಯೊಂದನ್ನು ಮಾಡಿಕೊಟ್ಟರು. ಇದೇನೂ ಹೊಸ ವಿದ್ಯೆಯಲ್ಲ. 16ನೆಯ ಶತಮಾನದಲ್ಲೇ ಫ್ರಾನ್ಸಿನ ಆಂಬ್ರ್ವಾಸ್ ಪಾರೆ, ಕ್ಷೌರಿಕನಾಗಿ ಕಲಿತು ರಾಜರ ಶಸ್ತ್ರವೈದ್ಯನಾದವನು, ಅಂಗುಳದ ತೂತಿಗೆ ಲೋಹದ ತಟ್ಟೆಯನ್ನು ಸ್ಪಂಜಿನಿಂದ ಸಿಕ್ಕಿಸುವ ಉಪಾಯವನ್ನು ಚಿತ್ರಸಮೇತ ಬರೆದಿದ್ದ. ಚಿಕ್ಕಮ್ಮ ಅದಕ್ಕೆ ‘ಮುಚ್ಚಳ’ ಎಂದು ಹೆಸರಿಟ್ಟರು. ‘ನನ್ನ ಮುಚ್ಚಳ ಎಲ್ಲಿಟ್ಯೇ?’ ಎಂದು ಬೆಳಿಗ್ಗೆ ಎದ್ದ ಕೂಡಲೇ ಕೇಳುವುದು. ಮುಚ್ಚಳ ಹಾಕಿಕೊಂಡು ಹಬ್ಬಕ್ಕೆ ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ ತಿಂದರು, ಮೊಮ್ಮಗನಿಗೆ ಮಗ್ಗಿ ಹೇಳಿಕೊಟ್ಟರು.

ಅವರನ್ನು ಕಾಯಿಲೆಗಿಂತ ಹೆಚ್ಚು ನೋಯಿಸಿದ್ದು ಜನರ ಮಾತು. ಬಾಯಿ ಕ್ಯಾನ್ಸರ್ ಎಂದ ಕೂಡಲೇ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು ಹೊಗೆಸೊಪ್ಪು. ಅದು ತಪ್ಪೂ ಅಲ್ಲ, ನಮ್ಮ ದೇಶದ ಬಾಯಿ ಕ್ಯಾನ್ಸರುಗಳಲ್ಲಿ ಬಹುಪಾಲು ಹೊಗೆಸೊಪ್ಪು ಅಡಿಕೆಗಳಿಂದಲೇ ಬರುವಂಥವು. ನೋಡಲು ಬಂದವರೆಲ್ಲ, ‘ಕದ್ದು ಮುಚ್ಚಿ ಹಾಕ್ಕೊಳ್ತಿದ್ರಾ?’ ಎಂದು ನನ್ನನ್ನು ಬದಿಗೆ ಕರೆದು ಕೇಳುತ್ತಿದ್ದರು. ಊಟವಾದ ಮೇಲೆ ಎರಡು ಎಲೆಗೆ ಸುಣ್ಣ ಹಚ್ಚಿ ಹಾಕಿಕೊಳ್ಳುತ್ತಿದ್ದುದು ಬಿಟ್ಟರೆ ಚಿಕ್ಕಮ್ಮನಿಗೆ ಬೇರೆ ಅಭ್ಯಾಸವಿರಲಿಲ್ಲ. ಮೆಲನೋಮಕ್ಕೂ ಹೊಗೆಸೊಪ್ಪಿಗೂ ಸಂಬಂಧವಿದೆಯೆಂದು ಯಾರೂ ಸಾಬೀತು ಮಾಡಿಲ್ಲ. ಬಿಳಿಯರ ಚರ್ಮದ ಮೆಲನೋಮಕ್ಕೆ ಬಿಸಿಲು ಕಾರಣ, ಬಾಯಿಯೊಳಗೆ ಬಿಸಿಲೂ ಇಲ್ಲ. ಕಪ್ಪು ಮೈಯವರಿಗೆ ಈ ರೋಗ ಬಂದರೆ ಅಂಗಾಲು, ಅಂಗೈ, ಉಗುರಿನ ಸಂದು, ಬಾಯಿ, ಮೂಗು, ಇಂಥ ಬಿಸಿಲು ಕಾಣದ ಜಾಗಗಳಲ್ಲೇ ಹೆಚ್ಚು. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲಿನ ಹೆಬ್ಬೆರಳ ಉಗುರಿನ ಕೆಳಗೆ ಕಂಡದ್ದು ಇದೇ ಮೆಲನೋಮ. ಅವನು 1981ರಲ್ಲಿ, 36ನೆಯ ವಯಸ್ಸಿಗೆ ತೀರಿಕೊಂಡ. ಹೀಗಿರುವಾಗ ಯಾರ ತಪ್ಪು? ‘ಬಾಯಿ ಸುಮ್ಮನಿರಲಿಲ್ಲ, ಅದಕ್ಕೇ ದೇವರು ಬಾಯಿಗೇ ಕೊಟ್ಟ’ ಎಂದು ಹತ್ತಿರದ ಬಂಧುವೊಬ್ಬರು ಅಂದದ್ದು ಚಿಕ್ಕಮ್ಮನ ಕಿವಿಗೂ ಬಿತ್ತು. ಅಂದಿನಿಂದ ಅವರು ಎಲೆ ತಟ್ಟೆಯನ್ನು ಅಟ್ಟಕ್ಕೆ ಹಾಕಿಸಿದರು, ಬಂದವರ ಮುಂದೆ ಕೂಡ ಇಡಲಿಲ್ಲ.

ಕುತ್ತಿಗೆಯಲ್ಲಿ ಗಂಟು ಕಂಡದ್ದು ಒಂದೂವರೆ ವರ್ಷದ ಮೇಲೆ. ವಿಕಿರಣ ಕೊಡಿಸಿದೆವು. 2000ದ ಮಳೆಗಾಲದಲ್ಲಿ, ಆಪರೇಷನ್ ಆಗಿ ಎರಡು ವರ್ಷ ಎರಡು ತಿಂಗಳಿಗೆ, ಅವರು ಹೋದರು.

ಆ ಹೊತ್ತಿಗೆ ದೂರದಲ್ಲಿ ಏನೇನು ನಡೆದಿತ್ತೆಂದು ನನಗೆ ತಿಳಿದದ್ದು ಬಹಳ ವರ್ಷದ ಮೇಲೆ. ನಮ್ಮ ಬಿಳಿರಕ್ತಕಣಗಳು ಕ್ಯಾನ್ಸರನ್ನು ಕೊಲ್ಲಬಲ್ಲವು, ಆದರೆ ಅವಕ್ಕೆ ಗಾಡಿಯ ಬ್ರೇಕಿನಂಥ ತಡೆಗಳಿವೆ. ಜಪಾನಿನ ತಸುಕು ಹೊಂಜೊ ಅಂಥ ಒಂದು ತಡೆಯನ್ನು 1992ರಲ್ಲೇ ಕಂಡುಹಿಡಿದಿದ್ದರು. ಅಮೆರಿಕದ ಜೇಮ್ಸ್ ಆಲಿಸನ್ 1996ರಲ್ಲಿ ಇನ್ನೊಂದು ತಡೆಯನ್ನು ಬಿಡಿಸಿ ಇಲಿಗಳ ಗಡ್ಡೆಗಳನ್ನು ಕರಗಿಸಿದ್ದರು. ಅದು ಮನುಷ್ಯರಿಗೆ ಮದ್ದಾಗಿ ಬರುವಷ್ಟರಲ್ಲಿ 2011 ಆಯಿತು, ಎರಡನೆಯ ಬಗೆಯ ಮದ್ದು 2014ರಲ್ಲಿ ಬಂತು. 2018ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಸಿಕ್ಕಿತು. ಹರಡಿದ ಮೆಲನೋಮ ಇದ್ದವರಲ್ಲಿ ಹಲವರು ಈಗ ವರ್ಷಗಟ್ಟಲೆ ಬದುಕಿದ್ದಾರೆ. ಬಾಯಿ ಮೂಗುಗಳ ಬಗೆಯದು ಇಲ್ಲಿಯೂ ಸ್ವಲ್ಪ ಮೊಂಡು. 2017ರ ಒಂದು ಲೆಕ್ಕದಂತೆ ಎರಡೂ ಬಗೆಯ ಮದ್ದನ್ನು ಸೇರಿಸಿ ಕೊಟ್ಟಾಗ ಗಡ್ಡೆ ಕುಗ್ಗಿದ್ದು ಚರ್ಮದವರಲ್ಲಿ ನೂರಕ್ಕೆ 60 ಜನರಿಗೆ, ಇಂಥ ಒಳಪದರದವರಲ್ಲಿ 37 ಜನರಿಗೆ. ಮೂವತ್ತೇಳು ಎಂಬುದು ಚಿಕ್ಕ ಸಂಖ್ಯೆಯಲ್ಲ. ಕೆಲವರ ಗಡ್ಡೆಯಲ್ಲಿ ‘ಕಿಟ್’ ಎಂಬ ವಂಶವಾಹಿ ಕೆಟ್ಟಿರುತ್ತದೆಂದು 2006ರಲ್ಲಿ ತಿಳಿಯಿತು, ಅಂಥವರಿಗೆ ಬೇರೆ ಮಾತ್ರೆಯೂ ಇದೆ. ಮದ್ದಿನ ಬೆಲೆ ಲಕ್ಷಗಳಲ್ಲಿದೆ, ನಮ್ಮಂಥವರು ಮನೆ ಅಡವಿಟ್ಟರೂ ಸಾಲದು ಎಂಬ ಮಾತೂ ಇದೆ. ಆದರೂ ಇಂದು ಆ ಚೀಟಿ ಕೈಗೆ ಬಂದವರು ಕೇಳಬೇಕಾದ ಪ್ರಶ್ನೆಗಳು ಚಿಕ್ಕಮ್ಮನಿಗೆ ಸಿಕ್ಕಿದ್ದಕ್ಕಿಂತ ಹೆಚ್ಚು.

ನನ್ನ ಅಕ್ಕತಂಗಿಯರಿಗೆ ನಾನು ಹೇಳುವುದು ಇಷ್ಟು. ಮಕ್ಕಳ ಹಲ್ಲು, ಅತ್ತೆಯ ಸೆಟ್ಟು, ಗಂಡನ ಗಂಟಲು ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡುವವರು ನಾವು. ಆರು ತಿಂಗಳಿಗೊಮ್ಮೆ ಸೆಟ್ಟು ತೆಗೆದಿಟ್ಟು, ಹಗಲು ಬೆಳಕಿನಲ್ಲಿ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ತಲೆ ಹಿಂದಕ್ಕೆ ಬಾಗಿಸಿ, ಮಗಳ ಕೈಗೋ ಸೊಸೆಯ ಕೈಗೋ ಒಂದು ಟಾರ್ಚು ಕೊಟ್ಟು ನಿಮ್ಮ ಅಂಗುಳವನ್ನೂ ತೋರಿಸಿ. ಹೊಸ ಕಪ್ಪೋ, ಉಬ್ಬೋ, ಎರಡು ವಾರಕ್ಕೂ ಮಾಯದ ಹುಣ್ಣೋ ಕಂಡರೆ ಹಲ್ಲಿನ ಡಾಕ್ಟರಲ್ಲಿಗೆ ಹೋಗಿ, ಚೂರು ತೆಗೆದು ನೋಡಬೇಕೆಂದರೆ ಬೇಡವೆನ್ನಬೇಡಿ. ಹತ್ತರಲ್ಲಿ ಒಂಬತ್ತು ಸಲ ಅದು ಏನೂ ಅಲ್ಲವೆಂದೇ ಆಗಲಿ. ನಗುತ್ತಾ ಮನೆಗೆ ಬಂದು ಎಲೆ ಅಡಿಕೆ ಬೇಡ, ಒಂದು ಲೋಟ ಕಾಫಿ ಮಾಡಿಕೊಂಡು ಕುಡಿಯಿರಿ.